ಮಲೆನಾಡಿನ ಮನೆಯಿಂದ ಎಡಬ್ಲ್ಯುಎಸ್ ಡೆವಲಪರ್ ಪರೀಕ್ಷೆ: ಮಳೆಗೆ ಮುಂಚೆ ಮುಗಿಸುವ ತಯಾರಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವರು ಎಡಬ್ಲ್ಯುಎಸ್ (ಅಮೆಜಾನ್ ವೆಬ್ ಸರ್ವಿಸಸ್, ಅಂದರೆ ಅಮೆಜಾನಿನ ಕ್ಲೌಡ್ ಸೇವೆ) ಸರ್ಟಿಫೈಡ್ ಡೆವಲಪರ್ ಅಸೋಸಿಯೇಟ್ ಪರೀಕ್ಷೆ ಬರೆಯುವುದಾದರೆ ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ಸಿಲಬಸ್. ಆರಿದ್ರಾ, ಪುನರ್ವಸು ಮಳೆ ಹಿಡಿದ ಮೇಲೆ ಕರೆಂಟು, ನೆಟ್ಟು ಎರಡನ್ನೂ ನಂಬುವಂತಿಲ್ಲ. ಏಪ್ರಿಲ್, ಮೇ ಬಂದರೆ ಗುಡುಗು ಸಿಡಿಲಿನ ಅಡ್ಡಮಳೆ. ಅಡಿಕೆ ತೋಟ ಇರುವ ಮನೆಯಲ್ಲಿ ಅಕ್ಟೋಬರ್‌ನಿಂದಲೇ ಗೊನೆ ಕೊಯ್ಯುವುದು, ಸುಲಿಯುವುದು, ಬೇಯಿಸುವುದು ಶುರು. ಉಳಿಯುವುದು ಜನವರಿಯಿಂದ ಮಾರ್ಚ್. ಜನವರಿ ಮೊದಲ ವಾರ ಓದಲು ಕೂತು ಮಾರ್ಚ್ ನಡುವೆ ಪರೀಕ್ಷೆ ಬರೆಯಿರಿ. 10 ವಾರ, ವಾರಕ್ಕೆ 6 ದಿನ, ದಿನಕ್ಕೆ ಒಂದೂವರೆ ಗಂಟೆ ಎಂದರೆ 90 ಗಂಟೆ. ಈಗಾಗಲೇ ಯಾವುದಾದರೂ ಭಾಷೆಯಲ್ಲಿ ಕೋಡ್ ಬರೆಯುತ್ತಿರುವವರಿಗೆ ಇಷ್ಟು ಸಾಕು.

ಪರೀಕ್ಷೆಯ ಕೋಡ್ ಡಿವಿಎ-ಸಿ02. 65 ಪ್ರಶ್ನೆ, 130 ನಿಮಿಷ. 15 ಪ್ರಶ್ನೆಗಳಿಗೆ ಅಂಕವೇ ಇಲ್ಲ, ಯಾವುವು ಅಂತ ಗೊತ್ತಾಗುವುದೂ ಇಲ್ಲ. 1000ಕ್ಕೆ 720 ಬಂದರೆ ಪಾಸ್. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಶುಲ್ಕ 150 ಡಾಲರ್, ಮೇಲೆ ತೆರಿಗೆ. ಸರ್ಟಿಫಿಕೇಟ್ 3 ವರ್ಷ ನಡೆಯುತ್ತದೆ.

ಬುಕ್ ಮಾಡುವ ಮೊದಲು ಎರಡು ಕೆಲಸ

ಮೊದಲನೆಯದು ಹೆಸರು. ನಮ್ಮ ಕಡೆ ಇನಿಶಿಯಲ್‌ನಲ್ಲೇ ಊರು, ಅಪ್ಪನ ಹೆಸರು ಎರಡೂ ಅಡಗಿರುತ್ತವೆ. ಮಾರ್ಕ್ಸ್ ಕಾರ್ಡಿನಲ್ಲಿ 'ಎಚ್. ಎನ್. ರಾಘವೇಂದ್ರ', ಲೈಸೆನ್ಸಿನಲ್ಲಿ 'ರಾಘವೇಂದ್ರ ಎಚ್ ಎನ್', ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಪೂರ್ತಿ ಬಿಡಿಸಿ ಇನ್ನೊಂದು. ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿ ಯಾವುದು ಅಂತ ಈಗಲೇ ತೀರ್ಮಾನಿಸಿ, ಅದರಲ್ಲಿ ಇದ್ದ ಹಾಗೇ ಸರ್ಟಿಫಿಕೇಶನ್ ಖಾತೆಯಲ್ಲಿ ಹೆಸರು ಹಾಕಿ. ಹೊಂದದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಕಟ್ಟಿದ ದುಡ್ಡೂ ಹೋಗುತ್ತದೆ.

ಎರಡನೆಯದು ಹೆಚ್ಚುವರಿ 30 ನಿಮಿಷ. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ 'ಇಎಸ್‌ಎಲ್ +30' ಎಂಬ ಅನುಕೂಲ ಇದೆ. ಖಾತೆಯಲ್ಲೇ ಕೇಳಿಕೊಳ್ಳಬೇಕು, ಅದೂ ಬುಕ್ ಮಾಡುವ ಮೊದಲು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಸಂಕೋಚಪಟ್ಟು ಇದನ್ನು ಬಿಡುತ್ತಾರೆ. ಬಿಡಬೇಡಿ. ನಾಲ್ಕೈದು ಸಾಲಿನ ಪ್ರಶ್ನೆ, ಒಂದೇ ಥರ ಕಾಣುವ ನಾಲ್ಕು ಉತ್ತರ: ಪ್ರಶ್ನೆಗೆ 2 ನಿಮಿಷ ಸಿಗುವುದಕ್ಕೂ ಎರಡೂವರೆ ನಿಮಿಷ ಸಿಗುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಹಣ ಕಟ್ಟುವ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆಫ್ ಆಗಿದ್ದರೆ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಿ.

ಓದು

ಕೊನೆಯ ಎರಡು ವಾರದ 18 ಗಂಟೆ ಮಾದರಿ ಪರೀಕ್ಷೆಗೆ ಎತ್ತಿಡಿ. ಉಳಿದ 72 ಗಂಟೆಯನ್ನು ಸಿಲಬಸ್ಸಿನ ತೂಕದಂತೆ ಹಂಚಿ: ಎಡಬ್ಲ್ಯುಎಸ್ ಸೇವೆಗಳಲ್ಲಿ ಕೋಡ್ ಬರೆಯುವುದು 32%, ಅಂದರೆ 23 ಗಂಟೆ, ಭದ್ರತೆ 26%, 19 ಗಂಟೆ, ಡಿಪ್ಲಾಯ್ಮೆಂಟ್ (ಕೋಡನ್ನು ಬಳಕೆಗೆ ಬಿಡುವುದು) 24%, 17 ಗಂಟೆ, ದೋಷ ಹುಡುಕುವುದು ಮತ್ತು ಸುಧಾರಣೆ 18%, 13 ಗಂಟೆ. ಅರ್ಧ ಸಮಯವಾದರೂ ಕೀಬೋರ್ಡಿನ ಮೇಲೆ ಕೈ ಇರಲಿ. ವಿಡಿಯೋ ನೋಡಿದ್ದು ನಿದ್ದೆಯಲ್ಲಿ ಮರೆಯುತ್ತದೆ, ಎರರ್ ಬಂದು ಬಿಡಿಸಿದ್ದು ಮರೆಯುವುದಿಲ್ಲ.

ಅಭ್ಯಾಸಕ್ಕೆ ಒಂದೇ ಪ್ರಾಜೆಕ್ಟ್ ಹಿಡಿಯಿರಿ. ಅಡಿಕೆ ಮಂಡಿಯ ಲೆಕ್ಕ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಲಾಟು ಬರುತ್ತದೆ, ಜಾತಿ ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಅಂತ ದಾಖಲಾಗುತ್ತದೆ, ದರ ತೀರ್ಮಾನವಾದ ಕೂಡಲೇ ಬೆಳೆಗಾರನಿಗೆ ಮೆಸೇಜ್ ಹೋಗಬೇಕು. ಎಪಿಐ ಗೇಟ್‌ವೇ, (ಹೊರಗಿನ ಕೋರಿಕೆ ಬರುವ ಬಾಗಿಲು), ಲ್ಯಾಂಬ್ಡಾ (ಸರ್ವರ್ ನೋಡಿಕೊಳ್ಳದೆ ಕೋಡ್ ಓಡಿಸಲು), ಡೈನಮೋಡಿಬಿ (ದಾಖಲೆ ಇಡುವ ಡೇಟಾಬೇಸ್), ಮೆಸೇಜುಗಳ ಸಾಲಿಗೆ, ಅಂದರೆ ಕ್ಯೂಗೆ, ಎಸ್‌ಕ್ಯೂಎಸ್. ಇಷ್ಟರಲ್ಲೇ ಮೊದಲ ಭಾಗದ ಬಹುಪಾಲು ಬಂದುಹೋಗುತ್ತದೆ.

ಡೈನಮೋಡಿಬಿ ಟೇಬಲ್ಲಿನ ಪಾರ್ಟಿಶನ್ ಕೀಗೆ (ದಾಖಲೆ ಯಾವ ಪಾರ್ಟಿಶನ್, ಅಂದರೆ ಯಾವ ಭಾಗಕ್ಕೆ ಹೋಗಬೇಕು ಎಂದು ತೀರ್ಮಾನಿಸುವ ಕೀ) ಮೊದಲು ಹೊಳೆಯುವುದು ಅಡಿಕೆಯ ಜಾತಿ. ಅದೇ ತಪ್ಪು. ಲಾಟುಗಳಲ್ಲಿ ಹೆಚ್ಚಿನವು ರಾಶಿಯೇ ಆದರೆ ಬಹುಪಾಲು ಬರಹ ಒಂದೇ ಪಾರ್ಟಿಶನ್ ಮೇಲೆ ಬೀಳುತ್ತದೆ. ಒಂದು ಪಾರ್ಟಿಶನ್ ಸೆಕೆಂಡಿಗೆ ತಡೆದುಕೊಳ್ಳುವುದು 1000 ರೈಟ್ ಯೂನಿಟ್, 3000 ರೀಡ್ ಯೂನಿಟ್. ಲಾಟ್ ನಂಬರನ್ನೇ ಕೀ ಮಾಡಿ. 'ಇವತ್ತಿನ ರಾಶಿ' ಹುಡುಕಲು ಜಾತಿ ಮತ್ತು ತಾರೀಖು ಜೋಡಿಸಿ ಗ್ಲೋಬಲ್ ಇಂಡೆಕ್ಸ್ (ಬೇರೆ ಕೀ ಹಿಡಿದು ಹುಡುಕುವ ಪಟ್ಟಿ) ಹಾಕಿ. ಗ್ಲೋಬಲ್ ಇಂಡೆಕ್ಸನ್ನು ಆಮೇಲೂ ಸೇರಿಸಬಹುದು, ಟೇಬಲ್ಲಿನ ಪಾರ್ಟಿಶನ್ ಕೀಯನ್ನೇ ಬಳಸುವ ಲೋಕಲ್ ಇಂಡೆಕ್ಸನ್ನು ಟೇಬಲ್ ಮಾಡುವಾಗಲೇ ಹಾಕಬೇಕು.

ಯೂನಿಟ್ ಲೆಕ್ಕದಲ್ಲಿ ಎಡವುವವರು ಬಹಳ. 6 ಕೆಬಿಯ ದಾಖಲೆ, ಸೆಕೆಂಡಿಗೆ 10 ಸಲ ಸ್ಟ್ರಾಂಗ್ಲಿ ಕನ್ಸಿಸ್ಟೆಂಟ್ (ತೀರಾ ಈಚಿನ ಬರಹವನ್ನೇ ಕೊಡುವ) ಓದು. ಒಂದು ರೀಡ್ ಯೂನಿಟ್ಟಿನ ಅಳತೆ 4 ಕೆಬಿ. 60ನ್ನು 4ರಿಂದ ಭಾಗಿಸಿ 15 ಅನ್ನುತ್ತಾರೆ. ಮೊದಲು ಒಂದೊಂದು ದಾಖಲೆಯನ್ನು 4 ಕೆಬಿಯ ಅಳತೆಗೆ ಮೇಲಕ್ಕೆ ಏರಿಸಬೇಕು: 6 ಕೆಬಿಗೆ 2 ಯೂನಿಟ್, ಹತ್ತು ಸಲಕ್ಕೆ 20. ಇವೆಂಚುವಲಿ ಕನ್ಸಿಸ್ಟೆಂಟ್ (ತುಸು ಹಳೆಯ ಬರಹವೂ ಬರಬಹುದಾದ ಓದು) ಆದರೆ ಅದರ ಅರ್ಧ, 10. ಬರೆಯುವಾಗ ಅಳತೆ 1 ಕೆಬಿ.

ಲ್ಯಾಂಬ್ಡಾಗೆ ಕ್ಯೂ ಜೋಡಿಸುವಾಗ ಬೇಕೆಂದೇ ತಪ್ಪು ಮಾಡಿ ನೋಡಿ. ಲ್ಯಾಂಬ್ಡಾ ಟೈಮ್‌ಔಟ್ 60 ಸೆಕೆಂಡ್ ಇಟ್ಟು, ಕ್ಯೂನ (ಒಮ್ಮೆ ಎತ್ತಿಕೊಂಡ ಮೆಸೇಜ್ ಬೇರೆಯವರಿಗೆ ಕಾಣದಿರುವ ಅವಧಿಯಾದ) ವಿಸಿಬಿಲಿಟಿ ಟೈಮ್‌ಔಟನ್ನು ಮೊದಲಿನ 30ರಲ್ಲೇ ಬಿಟ್ಟರೆ ಜೋಡಣೆಯೇ ಆಗುವುದಿಲ್ಲ, ಎರರ್ ಬರುತ್ತದೆ. ಫಂಕ್ಷನ್ ಟೈಮ್‌ಔಟಿನ 6 ಪಟ್ಟು ಇಡಬೇಕು ಎನ್ನುವುದು ಎಡಬ್ಲ್ಯುಎಸ್‌ನದೇ ಸಲಹೆ. ಆಮೇಲೆ 10 ಮೆಸೇಜಿನ ಬ್ಯಾಚಿನಲ್ಲಿ ಒಂದನ್ನು ಕೆಡಿಸಿ ಕಳಿಸಿ. ಒಂದು ಕೆಟ್ಟರೆ ಹತ್ತೂ ಕ್ಯೂಗೆ ವಾಪಸ್ಸು. ಒಂಬತ್ತು ಬೆಳೆಗಾರರಿಗೆ ಅದೇ ಮೆಸೇಜ್ ಎರಡನೇ ಸಲ ಹೋಗುತ್ತದೆ. ಕೆಟ್ಟದ್ದನ್ನಷ್ಟೇ ವಾಪಸ್ ಕೊಡುವ 'ರಿಪೋರ್ಟ್ ಬ್ಯಾಚ್ ಐಟಂ ಫೇಲ್ಯೂರ್ಸ್', ಪದೇಪದೇ ಸೋತದ್ದನ್ನು ಹಾಕಲು ಡೆಡ್ ಲೆಟರ್ ಕ್ಯೂ ಯಾಕೆ ಬೇಕು ಅಂತ ಆಗ ಮನಸ್ಸಿಗೆ ಇಳಿಯುತ್ತದೆ.

ಭದ್ರತೆಯಲ್ಲಿ, ಬಳಕೆದಾರರ ಗುರುತು ನೋಡಿಕೊಳ್ಳುವ ಕಾಗ್ನಿಟೋದ ಎರಡು ಪೂಲ್‌ಗಳನ್ನು ಬಿಡಿಸಿ ತಿಳಿಯಿರಿ: ಯೂಸರ್ ಪೂಲ್ ಲಾಗಿನ್‌ಗೆ, ಐಡೆಂಟಿಟಿ ಪೂಲ್ ಎಡಬ್ಲ್ಯುಎಸ್ ಸೇವೆ ಮುಟ್ಟಲು ತಾತ್ಕಾಲಿಕ ಕೀ ಕೊಡಲಿಕ್ಕೆ. ಗುಪ್ತ ಕೀಗಳನ್ನು ಕಾಯುವ ಕೆಎಂಎಸ್ ನೇರವಾಗಿ ಗುಪ್ತಗೊಳಿಸುವುದು 4 ಕೆಬಿ ತನಕ ಮಾತ್ರ. ಡಿಪ್ಲಾಯ್ಮೆಂಟಿಗೆ ಇದೇ ಮಂಡಿ ಪ್ರಾಜೆಕ್ಟನ್ನು ಸ್ಯಾಮ್ ಟೆಂಪ್ಲೇಟಿನಲ್ಲಿ (ಬೇಕಾದ ಸೇವೆಗಳನ್ನೆಲ್ಲ ಬರೆದಿಡುವ ಫೈಲು) ಮತ್ತೆ ಕಟ್ಟಿ, ಕೆನರಿ ರೀತಿಯಲ್ಲಿ ಮೊದಲು 10% ಟ್ರಾಫಿಕ್ ಮಾತ್ರ ಹೊಸ ಆವೃತ್ತಿಗೆ ತಿರುಗಿಸಿ.

ಬಿಲ್ಲಿನ ಮೇಲೆ ಕಣ್ಣಿರಲಿ. ಖಾತೆ ತೆರೆದ ದಿನವೇ ಬಜೆಟ್ ಅಲರ್ಟ್ ಹಾಕಿ. ನ್ಯಾಟ್ ಗೇಟ್‌ವೇ (ಖಾಸಗಿ ನೆಟ್ವರ್ಕಿನಿಂದ ಇಂಟರ್ನೆಟ್ಟಿಗೆ ದಾರಿ) ಬಳಸದೆ ಸುಮ್ಮನೆ ಬಿದ್ದಿದ್ದರೂ ಗಂಟೆ ಲೆಕ್ಕದಲ್ಲಿ ದುಡ್ಡು ತಿನ್ನುತ್ತದೆ. ಎಡಬ್ಲ್ಯುಎಸ್ ಪುಟದ ಮೇಲೆ ಬಲಗಡೆ ಮುಂಬೈ ರೀಜನ್ (ಸರ್ವರ್ ಇರುವ ಪ್ರದೇಶ) ಇದೆಯಾ ಅಂತ ಪ್ರತಿ ಸಲ ನೋಡಿ. ಬೇರೆ ರೀಜನ್ನಿನಲ್ಲಿ ಮಾಡಿ ಮರೆತದ್ದು ಇಲ್ಲಿ ಕಾಣುವುದಿಲ್ಲ.

ಮಾದರಿ ಪರೀಕ್ಷೆಗೆ ಎಡಬ್ಲ್ಯುಎಸ್ ಕಲಿಕಾ ತಾಣವಾದ ಸ್ಕಿಲ್ ಬಿಲ್ಡರ್‌ನ ಉಚಿತ 20 ಪ್ರಶ್ನೆಗಳಿಂದ ಶುರುಮಾಡಿ. ಕದ್ದ ಪ್ರಶ್ನೆಗಳ ಡಂಪ್ ಮುಟ್ಟಲೇಬೇಡಿ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ, ಜೊತೆಗೆ ಅವುಗಳ ಉತ್ತರವೂ ಎಷ್ಟೋ ಕಡೆ ತಪ್ಪು.

ಕೋಣೆ, ಕರೆಂಟು, ನೆಟ್ಟು

ಮನೆಯಿಂದ ಬರೆಯುವಾಗ ತೊಂದರೆ ಕೊಡುವುದು ಲ್ಯಾಪ್‌ಟಾಪ್ ಅಲ್ಲ, ಅದಕ್ಕೆ ಬ್ಯಾಟರಿ ಇದೆ. ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣದಲ್ಲಿ ರೌಟರ್ ರೀಸ್ಟಾರ್ಟ್ ಆಗಿಬಿಡುತ್ತದೆ, ಮತ್ತೆ ನೆಟ್ ಹತ್ತಲು ಒಂದೆರಡು ನಿಮಿಷ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಅದಕ್ಕಿಂತ ಭದ್ರ, ರೌಟರಿಗೇ ಒಂದು ಮಿನಿ ಯುಪಿಎಸ್. ಅಡಾಪ್ಟರಿನ ಮೇಲೆ 12 ವೋಲ್ಟ್ ಅಂತ ಇದ್ದರೆ 12 ವೋಲ್ಟಿನದೇ ತನ್ನಿ, ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು. ಫೈಬರ್ ಡಬ್ಬಿ ಬೇರೆ, ವೈಫೈ ರೌಟರ್ ಬೇರೆ ಇದ್ದರೆ ಎರಡಕ್ಕೂ ಬೇಕು.

ಇಷ್ಟಾದರೂ ಆಪರೇಟರ್ ಕಡೆ ಕರೆಂಟು ಹೋದರೆ ನಿಮ್ಮ ಯುಪಿಎಸ್‌ನಿಂದ ಪ್ರಯೋಜನವಿಲ್ಲ. ಮುಂದಿನ ಸಲ ಊರಿಗೇ ಕರೆಂಟು ಹೋದಾಗ ಫೈಬರ್ ಡಬ್ಬಿಯನ್ನು ಎರಡು ಗಂಟೆ ಗಮನಿಸಿ. ಎಲ್‌ಒಎಸ್ (ಸಿಗ್ನಲ್ ಕಡಿದದ್ದನ್ನು ಹೇಳುವ) ದೀಪ ಕೆಂಪಾದರೆ ಆ ಮನೆಯಿಂದ ಪರೀಕ್ಷೆ ಬೇಡ. ಶಿವಮೊಗ್ಗದಿಂದ ಸುಮಾರು 300 ಕಿಲೋಮೀಟರ್ ಆದರೂ ಬೆಂಗಳೂರಿನ ಪಿಯರ್ಸನ್ ವ್ಯೂ (ಈ ಪರೀಕ್ಷೆ ನಡೆಸುವ ಸಂಸ್ಥೆ) ಕೇಂದ್ರವೇ ವಾಸಿ. ಹಿಂದಿನ ದಿನವೇ ಹೋಗಿ ಮಲಗಿ.

ಕೋಣೆಗೆ ಬಾಗಿಲು, ಚಿಲಕ ಇರಬೇಕು. ಯಾರಾದರೂ ಒಳಗೆ ಬಂದರೆ ಪರೀಕ್ಷೆ ಅಲ್ಲಿಗೇ ಮುಗಿಯಬಹುದು, ಮನೆಯವರಿಗೆ ಹಿಂದಿನ ರಾತ್ರಿಯೇ ಹೇಳಿಡಿ. ಮೇಜಿನ ಮೇಲೆ ಕಾಗದ, ಪೆನ್ನು, ಎರಡನೇ ಮಾನಿಟರ್, ಇಯರ್‌ಫೋನ್ ಯಾವುದೂ ಇರಬಾರದು. ಮೊಬೈಲ್ ಕೈಗೆ ಎಟುಕಬಾರದು. ಪ್ರಶ್ನೆಯನ್ನು ಬಾಯಲ್ಲಿ ಗುನುಗುವ ಅಭ್ಯಾಸ ಇದ್ದರೆ ಮಾದರಿ ಪರೀಕ್ಷೆಯಲ್ಲೇ ಬಿಡಿಸಿಕೊಳ್ಳಿ, ಕ್ಯಾಮೆರಾದಲ್ಲಿ ಕಾವಲಿಗಿದ್ದವರು ಎಚ್ಚರಿಕೆ ಕೊಡುತ್ತಾರೆ. ಕಂಪನಿ ಲ್ಯಾಪ್‌ಟಾಪಿನ ವಿಪಿಎನ್, ಫೈರ್‌ವಾಲ್ ಅಡ್ಡ ಬರುವುದರಿಂದ ಸ್ವಂತದ್ದೇ ಬಳಸಿ. ಸಿಸ್ಟಮ್ ಟೆಸ್ಟನ್ನು ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ಮಾಡಿ ನೋಡಿ. ಪರೀಕ್ಷೆಗೆ ಅರ್ಧ ಗಂಟೆ ಮೊದಲೇ ಲಾಗಿನ್ ಆಗಿ.

ಫಲಿತಾಂಶ 5 ಕೆಲಸದ ದಿನಗಳ ಒಳಗೆ ಬರುತ್ತದೆ. ಪಾಸಾಗದಿದ್ದರೆ ಯಾವ ಭಾಗದಲ್ಲಿ ಹಿಂದೆ ಬಿದ್ದಿರಿ ಅಂತ ಅದರಲ್ಲೇ ಇರುತ್ತದೆ. ಮತ್ತೆ ಬರೆಯಲು 14 ದಿನ ಕಾಯಬೇಕು, ಪೂರ್ತಿ ಶುಲ್ಕ ಕಟ್ಟಬೇಕು. ಮಾರ್ಚ್ ನಡುವೆ ಬರೆದಿದ್ದರೆ ಎರಡನೇ ಸಲದ ಪರೀಕ್ಷೆಯೂ ಅಡ್ಡಮಳೆ ಜೋರಾಗುವ ಮೊದಲೇ ಮುಗಿಯುತ್ತದೆ.