ಜಾತ್ರೆಯ ಹಚ್ಚೆ ಮತ್ತು ಮೂರು ರಕ್ತ ಪರೀಕ್ಷೆ

ನನ್ನ ಮೈಮೇಲೆ ಎರಡು ಹಚ್ಚೆ ಇವೆ. ಬೆನ್ನಿನದ್ದು ಮಂಗಳೂರಿನ ಸ್ಟುಡಿಯೋದ್ದು. ಅಲ್ಲಿ ಸೂಜಿಯ ಪ್ಯಾಕೆಟನ್ನು ನನ್ನೆದುರೇ ಒಡೆದರು, ಶಾಯಿಯನ್ನು ಹೊಸ ಪುಟ್ಟ ಕಪ್ಪಿಗೆ ಸುರಿದರು. ತೋಳಿನದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ ಜಾತ್ರೆಯಲ್ಲಿ ಹಾಕಿಸಿಕೊಂಡದ್ದು. ನನಗಿಂತ ಮುಂಚೆ ಕೂತವನ ಕೈಗೆ ಚುಚ್ಚಿದ ಸೂಜಿಯನ್ನೇ ಬಟ್ಟೆಗೆ ಒರೆಸಿ ನನಗೂ ಚುಚ್ಚಿದರು. ಪಿಲಿವೇಷದ ಹುಲಿ ಬೇಕು ಎಂದಿದ್ದೆ, ಬೆಕ್ಕು ಬಂತು.

ಹನ್ನೊಂದು ವರ್ಷ ಅದರ ಬಗ್ಗೆ ಯೋಚಿಸಲೇ ಇಲ್ಲ. ಕಳೆದ ವರ್ಷ ಆಫೀಸಿನಲ್ಲಿ ರಕ್ತದಾನ ಶಿಬಿರ ಇತ್ತು. ಕಳೆದ 12 ತಿಂಗಳಲ್ಲಿ ಹಚ್ಚೆ ಹಾಕಿಸಿದ್ದೀರಾ ಎಂದು ಫಾರ್ಮಿನಲ್ಲಿ ಕೇಳಿದ್ದರು. ಇಲ್ಲ ಎಂದು ಬರೆಯಬಹುದಿತ್ತು, ಆದರೆ ಆ ಬಟ್ಟೆ ನೆನಪಾಯಿತು. ಹೇಗೂ ದಾನದ ರಕ್ತವನ್ನು ಎಚ್‌ಐವಿ, ಲಿವರಿಗೆ ತಗಲುವ ಹೆಪಟೈಟಿಸ್ ಬಿ, ಸಿ, ಹೀಗೆ ಸೂಜಿಯ ರಕ್ತದಿಂದ ಹರಡುವ ಎಲ್ಲಕ್ಕೂ ಪರೀಕ್ಷಿಸುತ್ತಾರೆ, ಪುಕ್ಕಟೆ ಟೆಸ್ಟ್ ಆಯ್ತಲ್ವಾ ಅಂದುಕೊಂಡೆ. ನರ್ಸ್ ಆಗಿರುವ ಅಕ್ಕನಿಗೆ ಫೋನ್ ಮಾಡಿ ಹೇಳಿದರೆ ಬೈದಳು.

"ಡೌಟ್ ಉಂಟು ಅಂತಾದ್ರೆ ಆ ರಕ್ತ ಬೇರೆಯವ್ರಿಗೆ ಕೊಡುದು ಎಂತಕ್ಕೆ ಮಾರಾಯ? ಮೊದ್ಲು ಟೆಸ್ಟ್ ಮಾಡ್ಸು."

ಆದರೂ ಎರಡು ವಾರ ಮುಂದೂಡಿದೆ. ದುಡ್ಡಿನ ಚಿಂತೆ ಅಲ್ಲ, ಲ್ಯಾಬಿನವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಚೆನ್ನಾಗಿಯೇ ಇದ್ದೇನಲ್ಲ ಎಂಬ ಸಮಾಧಾನವೂ ಇತ್ತು. ಅದನ್ನು ಅಕ್ಕನೇ ಒಡೆದಳು. ಹೆಪಟೈಟಿಸ್ ಸಿ ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಲಿವರಿನಲ್ಲಿ ಸುಮ್ನೆ ಕೂತಿರಬಹುದಂತೆ. ಗೊತ್ತಾದರೆ 8ರಿಂದ 12 ವಾರ ಮಾತ್ರೆ ತಿಂದು ಹೆಚ್ಚಿನವರು ಗುಣವಾಗುತ್ತಾರೆ. ಬಿ ವೈರಸ್ ಮೈಯಿಂದ ಹೊರಗೆ 7 ದಿನ ಬದುಕಬಲ್ಲದು. ಬಟ್ಟೆಗೆ ಒರೆಸಿದರೆ ಹೋಗುವಂಥದ್ದಲ್ಲ. ಬೆನ್ನಿನ ಹಚ್ಚೆಯೊಂದೇ ಆಗಿದ್ದರೆ ನಾನು ಹೋಗುತ್ತಿರಲಿಲ್ಲ. ತೋಳಿನದ್ದಕ್ಕಾಗಿ ಹೋದೆ.

ಎಚ್‌ಐವಿ ಪರೀಕ್ಷೆಯನ್ನು ಮಂಗಳೂರಿನ ವೆನ್‌ಲಾಕ್ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡಿಸಿದೆ. ಆಪ್ತ ಸಮಾಲೋಚಕರು ಬಾಗಿಲು ಹಾಕಿ ಮಾತಾಡಿದರು, ಒಪ್ಪಿಗೆ ಪಡೆದರು. ನೀತಿಪಾಠ ಹೇಳಲಿಲ್ಲ. ಯಾವಾಗ ಚುಚ್ಚಿಸಿಕೊಂಡದ್ದು ಎಂದು ಮಾತ್ರ ಕೇಳಿದರು. ಹೋದ ವಾರವಷ್ಟೇ ಆಗಿದ್ದರೆ ಒಂದು ಟೆಸ್ಟ್ ಸಾಲದು, ಎಚ್‌ಐವಿಗೆ 3 ತಿಂಗಳು, ಹೆಪಟೈಟಿಸ್ ಸಿಗೆ 6 ತಿಂಗಳು ಕಳೆದ ಮೇಲೆ ಮತ್ತೆ ನೋಡಬೇಕಾಗುತ್ತದೆ. ಬಿ ಮತ್ತು ಸಿ ಪರೀಕ್ಷೆ ಖಾಸಗಿ ಲ್ಯಾಬಿನಲ್ಲಾಯಿತು.

ಮೂರೂ ನೆಗೆಟಿವ್ ಬಂತು. ಚಿಕ್ಕಂದಿನಲ್ಲಿ ಬಿ ಲಸಿಕೆ ಹಾಕಿಸಿರಲಿಲ್ಲ, ಹಾಗಾಗಿ ಈಗ ಶುರು ಮಾಡಿದೆ. ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಎರಡನೇ ಸಲ ಹೋದಾಗ ಸಿಸ್ಟರ್ ತೋಳು ನೋಡಿ, "ಬೆಕ್ಕು ಚಂದ ಉಂಟು" ಅಂದರು. ತಿದ್ದಲಿಲ್ಲ.