ಹೋಮ್ಸ್ ಬಗ್ಗೆ ಕನ್ನಡದಲ್ಲಿ ಬರೆಯಬೇಕಾ? ಒಂದೇ ಕಥೆ ಹಿಡಿದು ಕೂರಿ

ಷರ್ಲಾಕ್ ಹೋಮ್ಸ್ ಬಗ್ಗೆ ಬರೆಯೋಕೆ ಕೂತವರಲ್ಲಿ ತುಂಬಾ ಜನ 'ಜಗತ್ತಿನ ಅತ್ಯಂತ ಪ್ರಸಿದ್ಧ ಪತ್ತೇದಾರ' ಅಂತ ಶುರು ಮಾಡುತ್ತಾರೆ. ಆ ಸಾಲು ಹೊಡೆದುಹಾಕಿ. ಅದು ಎಲ್ಲರಿಗೂ ಗೊತ್ತು. ಅದರ ಹಿಂದೆಯೇ ಬರುವ ಹುಟ್ಟಿದ ಊರು, ಓದಿದ ಕಾಲೇಜು, ಪುಸ್ತಕಗಳ ಪಟ್ಟಿ, ಇವನ್ನೂ ಸದ್ಯಕ್ಕೆ ಬದಿಗಿಡಿ. ಆರ್ಥರ್ ಕಾನನ್ ಡಾಯ್ಲ್ ಹೋಮ್ಸ್‌ನನ್ನು ಇಟ್ಟು ಬರೆದದ್ದು 4 ಕಾದಂಬರಿ, 56 ಸಣ್ಣಕಥೆ. ಒಟ್ಟು 60. ಎಲ್ಲವನ್ನೂ ಒಂದೇ ಲೇಖನಕ್ಕೆ ತುರುಕಲು ಹೋದರೆ ಓದುವವರ ತಲೆಯಲ್ಲಿ ಒಂದೂ ಉಳಿಯುವುದಿಲ್ಲ. ಒಂದು ಕಥೆ ಸಾಕು. ಅದನ್ನು ಮೂರು ಸಲ ಓದಿ. ಮೊದಲ ಸಲ ಸುಮ್ನೆ ಖುಷಿಗೆ, ಎರಡನೇ ಸಲ ಪೆನ್ಸಿಲ್ ಹಿಡಿದು. ಮೂರನೇ ಸಲ ಕೊನೆಯ ಪುಟದಿಂದ ಹಿಂದಕ್ಕೆ ಬನ್ನಿ, ಡಾಯ್ಲ್ ಯಾವ ಸುಳಿವನ್ನು ಎಲ್ಲಿ ಇಟ್ಟಿದ್ದಾರೆ ಅಂತ ಆಗ ಕಾಣುತ್ತದೆ.

ಇನ್ನು 'ಹೋಮ್ಸ್ ಮಹಾ ಬುದ್ಧಿವಂತ' ಅಂತ ಬರೆಯಲೇಬೇಡಿ. ಅವನು ಏನು ನೋಡಿದ, ಅದರಿಂದ ಏನು ತಿಳಿದುಕೊಂಡ ಅನ್ನುವುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿ. ಇದು ನನಗೆ ಅರ್ಥವಾದದ್ದು ಪುಸ್ತಕದಿಂದ ಅಲ್ಲ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ. ನಮ್ಮ ದೊಡ್ಡಪ್ಪ ರೀಲರ್, ಅಂದರೆ ಗೂಡು ಕೊಂಡು ನೂಲು ತೆಗೆಯುವವರು, ಮನೆಯ ಹಿಂದೆಯೇ ನೂಲು ಬಿಚ್ಚಾಣಿಕೆ. ಒಂದು ದಿನ ಅವರ ಜೊತೆ ಹೋಗಿದ್ದೆ. ಒಂದು ಲಾಟಿನ ಮುಂದೆ ನಿಂತು ಒಂದು ಗೂಡು ಎತ್ತಿಕೊಂಡರು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು, ಬೆರಳಲ್ಲಿ ಮೆಲ್ಲಗೆ ಒತ್ತಿದರು, ಆಮೇಲೆ ಕೈಯನ್ನು ರಾಶಿಯ ಅಡಿಗೆ ಹಾಕಿ ಇನ್ನೆರಡು ತೆಗೆದು ನೋಡಿ ವಾಪಸ್ ಹಾಕಿದರು. "ಚಂದ್ರಿಕೆಯಿಂದ ಒಂದು ದಿನ ಮುಂಚೆನೇ ಬಿಡಿಸವ್ರೆ ಕಣಪ್ಪ" ಅಂದರು. ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟುವ ತಟ್ಟೆ. ಹೇಗೆ ಗೊತ್ತಾಯಿತು ಅಂತ ಕೇಳಿದೆ. ಒಳಗಿನ ಹುಳು ಗಟ್ಟಿಯಾಗಿದ್ದರೆ ಅಲ್ಲಾಡಿಸಿದಾಗ ಗಲಗಲ ಅನ್ನುತ್ತದೆ, ಇದರ ಸದ್ದು ಮಂದ. ಅಂದರೆ ಹುಳು ಇನ್ನೂ ಮೆತ್ತಗಿದೆ. ಅಡಿಯಲ್ಲಿದ್ದ ಗೂಡಿಗೆ ಕಲೆ ಹತ್ತಿದೆ. ಅಂದರೆ ಮೇಲಿನ ಭಾರಕ್ಕೆ ಒಳಗಿನದು ಜಜ್ಜಿದೆ.

ಈಗ ಡಾಯ್ಲ್ ಎಡಿನ್‌ಬರೋದಲ್ಲಿ ವೈದ್ಯಕೀಯ ಓದುವಾಗ ಮೇಷ್ಟ್ರಾಗಿದ್ದ ಜೋಸೆಫ್ ಬೆಲ್ ಕಥೆ ನೋಡಿ. ಒಬ್ಬ ರೋಗಿ ಬಂದ. ಅವನೇನೂ ಹೇಳುವ ಮುಂಚೆಯೇ ಬೆಲ್, ನೀವು ಸೈನ್ಯದಲ್ಲಿದ್ದವರು, ಬಿಟ್ಟು ಜಾಸ್ತಿ ದಿನ ಆಗಿಲ್ಲ, ಬಾರ್ಬಡೋಸ್‌ನಲ್ಲಿ ಇದ್ದಿರಿ ಅಂದುಬಿಟ್ಟರು. ಅದು ಹೇಗೆ? ಆ ಮನುಷ್ಯ ಮರ್ಯಾದಸ್ಥ, ಆದರೂ ಒಳಗೆ ಬಂದಾಗ ಹ್ಯಾಟ್ ತೆಗೆಯಲಿಲ್ಲ, ಅದು ಸೈನ್ಯದ ಅಭ್ಯಾಸ. ಬಿಟ್ಟು ಬಹಳ ದಿನ ಆಗಿದ್ದರೆ ಊರ ಜನರ ರೀತಿ ಕಲಿತಿರುತ್ತಿದ್ದ. ಬಂದಿದ್ದ ಕಾಯಿಲೆ ಆನೆಕಾಲು, ಅದು ಬ್ರಿಟನ್ನಿನ ಕಾಯಿಲೆ ಅಲ್ಲ, ವೆಸ್ಟ್ ಇಂಡೀಸ್ ಕಡೆಯದು. ಡಾಯ್ಲ್ ಇದನ್ನು ತಮ್ಮ ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾರೆ. ಹೋಮ್ಸ್ ಹುಟ್ಟಿದ್ದು ಇಂಥ ಕಡೆಯಿಂದ. ನಿಮ್ಮ ಸುತ್ತ ಹೀಗೆ ನೋಡುವವರು ಯಾರಿದ್ದಾರೆ ಅಂತ ಹುಡುಕಿ, ಟೊಮೆಟೊ ಮಂಡಿಯಲ್ಲೋ ಎಳನೀರಿನ ಅಂಗಡಿಯಲ್ಲೋ ಖಂಡಿತ ಸಿಗುತ್ತಾರೆ. ಅವರಿಂದ ಶುರು ಮಾಡಿದ ಲೇಖನವನ್ನು ಬೇರೆ ಯಾರೂ ಬರೆಯಲಾರರು.

ಕಥೆ ಆರಿಸುವಾಗ ನಮಗೆ ಇನ್ನೊಂದು ಅನುಕೂಲ ಇದೆ. ಹೋಮ್ಸ್ ಕಥೆಗಳಲ್ಲಿ ಭಾರತ ಮತ್ತೆ ಮತ್ತೆ ಬರುತ್ತದೆ. ಲಂಡನ್ನಿನ ಓದುಗ ಗಮನಿಸದೇ ದಾಟಿಹೋಗುವ ಜಾಗದಲ್ಲಿ ನಮ್ಮ ಕಾಲು ಎಡವುತ್ತದೆ, ಅಲ್ಲೇ ನಿಲ್ಲಿ. ನಾನು ಆರಿಸಿಕೊಂಡದ್ದು 1892ರ 'ದಿ ಸ್ಪೆಕಲ್ಡ್ ಬ್ಯಾಂಡ್'. ಕಥೆಯ ಗುಟ್ಟು ಹೇಳುವ ಮುಂಚೆ ಓದುಗರಿಗೆ ಒಂದು ಮಾತು ಹೇಳುವುದು ಮರ್ಯಾದೆ, ಕಥೆಗೆ ನೂರಕ್ಕೂ ಹೆಚ್ಚು ವರ್ಷ ಆಗಿದ್ದರೂ ಸರಿ. ಆದ್ದರಿಂದ ಅದನ್ನು ಓದಿಲ್ಲದವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.

ಕಲ್ಕತ್ತಾದಲ್ಲಿ ಡಾಕ್ಟರಾಗಿದ್ದು ಇಂಗ್ಲೆಂಡಿಗೆ ಮರಳಿದ ಒಬ್ಬ ಕೋಪಿಷ್ಠ, ಮಲಮಗಳನ್ನು ಕೊಲ್ಲಲು ಭಾರತದ ಹಾವನ್ನು ಬಳಸುತ್ತಾನೆ. ಆ ಹಾವು ಸಿಳ್ಳೆ ಹಾಕಿದರೆ ವಾಪಸ್ ಬರುತ್ತದೆ, ತೂಗುಬಿಟ್ಟ ಹಗ್ಗ ಹಿಡಿದು ಹತ್ತಿ ಇಳಿಯುತ್ತದೆ, ತಟ್ಟೆಯಲ್ಲಿಟ್ಟ ಹಾಲಿನ ಆಸೆಗೆ ಪಳಗಿದೆ. ನಾವು ಪ್ರತಿ ವರ್ಷ ನಾಗರಪಂಚಮಿಗೆ ಹುತ್ತಕ್ಕೆ ಹಾಲು ಎರೆಯುವವರು. ಹಾವಿನ ಆಹಾರ ಹಾಲಲ್ಲ ಅಂತ ಉರಗ ತಜ್ಞರು ಹೇಳುವುದನ್ನೂ ಕೇಳಿದ್ದೇವೆ. ಹಾವಿಗೆ ಹೊರಗಿವಿ ಇಲ್ಲ, ಅದು ಮುಖ್ಯವಾಗಿ ಕಂಪನದಿಂದ ತಿಳಿದುಕೊಳ್ಳುತ್ತದೆ, ಸಿಳ್ಳೆಗೆ ಓಡಿ ಬರುವ ಪ್ರಾಣಿ ಅಲ್ಲ. ಇನ್ನೂ ಒಂದಿದೆ. ಆ ಡಾಕ್ಟರ್ ಭಾರತದಿಂದ ತರಿಸಿಕೊಂಡು ತೋಟದಲ್ಲಿ ಬಿಟ್ಟುಕೊಂಡಿರುವುದು ಒಂದು ಚೀತಾ, ಒಂದು ಬಬೂನ್. ಚೀತಾ ಆಗ ನಮ್ಮಲ್ಲಿತ್ತು ಸರಿ, ಬಬೂನ್ ಇರುವುದು ಆಫ್ರಿಕಾ ಮತ್ತು ಅರೇಬಿಯಾದಲ್ಲಿ. ಇದನ್ನೆಲ್ಲ ಬರೆಯಿರಿ, ಆದರೆ ಡಾಯ್ಲ್ ತಪ್ಪು ಮಾಡಿದರು ಅಂತ ಹೇಳಿ ಕೈತೊಳೆದುಕೊಳ್ಳಬೇಡಿ. ಆ ಹೊತ್ತಿಗೆ ಅವರು ತಿಮಿಂಗಿಲ ಬೇಟೆಯ ಹಡಗಿನಲ್ಲಿ ಉತ್ತರ ಧ್ರುವದ ಕಡೆ ಹೋಗಿಬಂದಿದ್ದರು, ಹಡಗಿನ ಡಾಕ್ಟರಾಗಿ ಪಶ್ಚಿಮ ಆಫ್ರಿಕಾ ನೋಡಿದ್ದರು. ಭಾರತ ನೋಡಿರಲಿಲ್ಲ. ಲಂಡನ್ನಿನ ಓದುಗನಿಗೆ ಭಾರತ ಅಂದರೆ ವಿಷ, ಬಿಸಿಲು, ವಿಚಿತ್ರ ಪ್ರಾಣಿ, ಅಷ್ಟೇ ಆಗಿದ್ದ ಕಾಲ ಅದು. ಆ ಡಾಕ್ಟರ್ ಕಲ್ಕತ್ತಾದಲ್ಲಿ ತನ್ನ ಭಾರತೀಯ ಬಟ್ಲರನ್ನು ಹೊಡೆದು ಕೊಂದಿದ್ದ, ಹಾಗೂ ನೇಣಿನಿಂದ ತಪ್ಪಿಸಿಕೊಂಡಿದ್ದ ಅಂತ ಕಥೆ ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತದೆ. ಸತ್ತವನಿಗೆ ಹೆಸರೂ ಇಲ್ಲ. ನನಗೆ ಹಾವಿಗಿಂತ ಜಾಸ್ತಿ ಕಾಡಿದ್ದು ಆ ಸಾಲು.

ಕನ್ನಡದಲ್ಲಿ ಬರೆಯುವಾಗ ಈ ಕಥೆಯಲ್ಲಿ ಇನ್ನೊಂದು ಗಂಟು ಸಿಗುತ್ತದೆ. ಸಾಯುವ ಹುಡುಗಿ 'ಮಚ್ಚೆ ಮಚ್ಚೆಯ ಬ್ಯಾಂಡ್' ಅನ್ನುತ್ತಾಳೆ. ಇಂಗ್ಲಿಷ್‌ನಲ್ಲಿ ಅದು ಜನರ ಗುಂಪೂ ಹೌದು, ಪಟ್ಟಿಯೂ ಹೌದು. ತೋಟದಲ್ಲಿ ಬೀಡುಬಿಟ್ಟ ಅಲೆಮಾರಿಗಳ ಮೇಲೆ ಅನುಮಾನ ಹೋಗುವುದೇ ಈ ಎರಡರ್ಥದಿಂದ. 'ಪಟ್ಟಿ' ಅಂತ ಅನುವಾದ ಮಾಡಿದರೆ ಮೊದಲೇ ಗುಟ್ಟು ರಟ್ಟು, 'ಗುಂಪು' ಅಂದರೆ ಕೊನೆಯಲ್ಲಿ ಕಥೆ ಕೂರುವುದಿಲ್ಲ. ನಾನು ಎರಡು ದಿನ ಒದ್ದಾಡಿದೆ. ಆಮೇಲೆ ಹೊಳೆಯಿತು, ನಮ್ಮ ಮಾತಿನಲ್ಲೇ ಬ್ಯಾಂಡ್ ಎರಡೂ ಅರ್ಥದಲ್ಲಿ ಓಡಾಡುತ್ತಿದೆ. ಮದುವೆ ಮೆರವಣಿಗೆಗೆ ಬರುವ ಬ್ಯಾಂಡ್ ಜನರ ಗುಂಪು, ತಲೆಗೆ ಹಾಕುವ ಹೇರ್‌ಬ್ಯಾಂಡ್ ಪಟ್ಟಿ. ಬ್ಯಾಂಡ್ ಅಂತಲೇ ಇಟ್ಟುಕೊಂಡೆ.

ಭಾಷೆ ವಿಷಯ ಬಂದಿದ್ದರಿಂದ ಇದನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳಿ: ಹೋಮ್ಸ್ ಮತ್ತು ಅವನ ಕಥೆ ಹೇಳುವ ಗೆಳೆಯ ಡಾಕ್ಟರ್ ವಾಟ್ಸನ್ 'ನೀನು' ಅಂತಾರಾ, 'ನೀವು' ಅಂತಾರಾ? ಇಂಗ್ಲಿಷ್‌ನಲ್ಲಿ ಆ ಪ್ರಶ್ನೆಯೇ ಇಲ್ಲ. ಪರಿಚಯವಾದ ದಿನ 'ನೀವು' ಸರಿ. ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದು, ರಾತ್ರಿ ಕತ್ತಲಲ್ಲಿ ಪ್ರಾಣ ಕೈಯಲ್ಲಿ ಹಿಡಿದು ಜೊತೆಗೆ ಕೂತವರು ಆಮೇಲೂ 'ನೀವು' ಅಂದರೆ ನನಗೆ ಒಪ್ಪುವುದಿಲ್ಲ, ನಾನು 'ನೀನು' ಮಾಡಿದ್ದೇನೆ. ಪೊಲೀಸ್ ಲೆಸ್ಟ್ರೇಡ್‌ಗೆ, ಮನೆಯೊಡತಿ ಶ್ರೀಮತಿ ಹಡ್ಸನ್‌ಗೆ 'ನೀವು'. ಹೋಮ್ಸ್‌ಗೆ ಏಕವಚನ, ಡಾಯ್ಲ್‌ಗೆ ಬಹುವಚನ ಅಂತ ಇಟ್ಟುಕೊಂಡರೆ ಒಬ್ಬ ಪಾತ್ರ, ಒಬ್ಬರು ಬದುಕಿದ್ದ ಮನುಷ್ಯ ಅನ್ನುವ ವ್ಯತ್ಯಾಸ ತಾನಾಗಿಯೇ ಉಳಿಯುತ್ತದೆ. ಹೆಸರಿನ ಕಾಗುಣಿತ ಷರ್ಲಾಕ್ ಆಗಲಿ ಶೆರ್ಲಾಕ್ ಆಗಲಿ, ಕೊನೆವರೆಗೆ ಒಂದೇ ಇರಲಿ.

ಈ ವ್ಯತ್ಯಾಸ ಬಹಳ ಮುಖ್ಯ, ಯಾಕೆಂದರೆ ಡಾಯ್ಲ್‌ಗೆ ಹೋಮ್ಸ್ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. 1887ರಲ್ಲಿ ಪ್ರಕಟವಾದ ಮೊದಲ ಕಾದಂಬರಿಯ ಪೂರ್ತಿ ಹಕ್ಕು ಮಾರಿ ಅವರಿಗೆ ಸಿಕ್ಕಿದ್ದು 25 ಪೌಂಡ್. 1891ರಿಂದ ಸ್ಟ್ರಾಂಡ್ ಪತ್ರಿಕೆಯಲ್ಲಿ ಕಥೆಗಳು ಬರತೊಡಗಿ ಹೆಸರು, ಹಣ ಎರಡೂ ಬಂತು. ಆದರೆ ಅವರು ದೊಡ್ಡದು ಅಂದುಕೊಂಡಿದ್ದು ತಮ್ಮ ಐತಿಹಾಸಿಕ ಕಾದಂಬರಿಗಳನ್ನು. ಅದೇ ವರ್ಷ ಹೋಮ್ಸ್‌ನನ್ನು ಮುಗಿಸಿಬಿಡುತ್ತೇನೆ ಅಂತ ತಾಯಿಗೆ ಬರೆದಾಗ ಆ ತಾಯಿ ಬೇಡವೇ ಬೇಡ ಅಂದರು. 1893ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ರೈಖನ್‌ಬಾಖ್ ಜಲಪಾತದಲ್ಲಿ ಮುಗಿಸಿಯೇ ಬಿಟ್ಟರು. 1901ರಲ್ಲಿ ಬಾಸ್ಕರ್‌ವಿಲ್ ನಾಯಿಯ ಕಾದಂಬರಿ ಶುರುವಾದಾಗಲೂ ಅವನು ಬದುಕಿ ಬಂದಿರಲಿಲ್ಲ, ಅದು ಸಾಯುವ ಮುಂಚಿನ ಕಥೆ ಅಂತ ಬರೆದದ್ದು. ನಿಜವಾಗಿ ವಾಪಸ್ ಬಂದದ್ದು 1903ರಲ್ಲಿ. ತುಂಬಾ ಲೇಖನಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ.

ಕಾಲ ಓದುಗರ ಮನಸ್ಸಿಗೆ ಇಳಿಯಬೇಕು ಅಂದರೆ ನಮ್ಮ ಕಡೆಯದೊಂದು ಘಟನೆ ಪಕ್ಕಕ್ಕಿಡಿ. ಬಾಸ್ಕರ್‌ವಿಲ್ ನಾಯಿ ಪುಸ್ತಕವಾಗಿ ಬಂದದ್ದು 1902ರಲ್ಲಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಬಂದದ್ದೂ ಅದೇ ವರ್ಷ. ಇಷ್ಟು ಹೇಳಿದರೆ ಸಾಕು, ಕುದುರೆ ಗಾಡಿ, ಗ್ಯಾಸ್ ದೀಪದ ಬೀದಿ ಎಲ್ಲ ತಾನೇ ಕಣ್ಣಿಗೆ ಬರುತ್ತದೆ.

ಎಲ್ಲರೂ ಹೇಳುವ ಮಾತನ್ನು ಮೂಲದಲ್ಲಿ ನೋಡದೆ ಬರೆಯಬೇಡಿ. 'ಎಲಿಮೆಂಟರಿ, ಮೈ ಡಿಯರ್ ವಾಟ್ಸನ್' ಅನ್ನುವ ಮಾತು ಹಾಗೇ ಪೂರ್ತಿಯಾಗಿ ಡಾಯ್ಲ್ ಬರೆದ 60ರಲ್ಲಿ ಎಲ್ಲೂ ಇಲ್ಲ. ನನ್ನ ಮೊದಲ ಲೇಖನದ ತಲೆಬರಹವೇ ಅದಾಗಿತ್ತು, ಓದುಗರೊಬ್ಬರು ತಿದ್ದಿದರು. ಬಾಗಿದ ಪೈಪು ಬಂದದ್ದು ನಾಟಕದಲ್ಲಿ ಹೋಮ್ಸ್ ಆಗಿದ್ದ ವಿಲಿಯಂ ಜಿಲೆಟ್‌ನಿಂದ, ಆ ಎರಡು ಕಡೆ ಮೂತಿಯ ಟೋಪಿ ನೆಲೆಯಾದದ್ದು ಸಿಡ್ನಿ ಪ್ಯಾಜೆಟ್ ಬರೆದ ಚಿತ್ರಗಳಿಂದ. ವಾಟ್ಸನ್‌ಗೆ ಗುಂಡು ಬಿದ್ದದ್ದು ಮೊದಲ ಕಾದಂಬರಿಯಲ್ಲಿ ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ. ಅದೇ ಎರಡನೆಯ ಕಾದಂಬರಿಯಲ್ಲಿ ಆಗ್ರಾ ಕೋಟೆಯ ಕಾವಲಿಗಿರುವ ಸಿಖ್ಖರ ಹೆಸರು ಮಹಮ್ಮದ್ ಸಿಂಗ್, ಅಬ್ದುಲ್ಲಾ ಖಾನ್! ಇದೊಂದನ್ನೇ ಹಿಡಿದು ಒಂದು ಲೇಖನ ಬರೆಯಬಹುದು.

ಡಾಯ್ಲ್ ಬದುಕಿನಿಂದಲೂ ಒಂದೇ ಘಟನೆ ಆರಿಸಿ. ನನ್ನನ್ನು ಕೇಳಿದರೆ ಜಾರ್ಜ್ ಎಡಲ್ಜಿ ಪ್ರಕರಣ. ಎಡಲ್ಜಿಯ ತಂದೆ ಮುಂಬೈ ಮೂಲದ ಪಾರ್ಸಿ, ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಪಾದ್ರಿಯಾಗಿದ್ದವರು. ರಾತ್ರಿ ಹೊಲದಲ್ಲಿ ಒಂದು ಕುದುರೆಯ ಹೊಟ್ಟೆ ಸೀಳಿದ ಅಂತ 1903ರಲ್ಲಿ ಮಗನಿಗೆ 7 ವರ್ಷ ಶಿಕ್ಷೆ ಆಯಿತು. ಮೂರು ವರ್ಷದ ಮೇಲೆ ಬಿಟ್ಟರು, ಆದರೆ ಕಳಂಕ ಹೋಗಲಿಲ್ಲ. ಎಡಲ್ಜಿಯನ್ನು ಭೇಟಿಯಾಗಲು ಡಾಯ್ಲ್ ಒಂದು ಹೋಟೆಲಿಗೆ ಹೋದಾಗ ಎಡಲ್ಜಿ ಪೇಪರನ್ನು ಕಣ್ಣಿಗೆ ಅಂಟುವಷ್ಟು ಹತ್ತಿರ, ಅದೂ ಸ್ವಲ್ಪ ಓರೆಯಾಗಿ ಹಿಡಿದು ಓದುತ್ತಾ ಕೂತಿದ್ದರು. ಡಾಯ್ಲ್ ಕಣ್ಣಿನ ವೈದ್ಯವನ್ನೂ ಓದಿದ್ದವರು. ಇಷ್ಟು ಮಂದ ದೃಷ್ಟಿಯ ಮನುಷ್ಯ ಕತ್ತಲಲ್ಲಿ ಹೊಲ ದಾಟಿ ಹೋಗಿ ಆ ಕೆಲಸ ಮಾಡಲು ಸಾಧ್ಯವೇ ಇಲ್ಲ ಅಂತ 1907ರಲ್ಲಿ ಪತ್ರಿಕೆಯಲ್ಲಿ ಬರೆದು ಗಲಾಟೆ ಎಬ್ಬಿಸಿದರು. ಅದೇ ವರ್ಷ ಎಡಲ್ಜಿಗೆ ಕ್ಷಮೆ ಸಿಕ್ಕಿತು, ಪರಿಹಾರ ಮಾತ್ರ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ಕೋರ್ಟಿಗೆ ಕಾನೂನು ಆದದ್ದೂ ಅದೇ 1907ರಲ್ಲಿ.

ಇದೇ ಡಾಯ್ಲ್ 1920ರಲ್ಲಿ, ಇಬ್ಬರು ಹುಡುಗಿಯರು ತೆಗೆದ ಕಿನ್ನರಿಯರ ಫೋಟೋ ನಿಜ ಅಂತ ನಂಬಿ ಬರೆದರು. ಅವು ಕಾಗದದಲ್ಲಿ ಕತ್ತರಿಸಿದ ಚಿತ್ರ ಅಂತ ಅವರಿಬ್ಬರೂ ಒಪ್ಪಿಕೊಂಡದ್ದು 1983ರಲ್ಲಿ. ಇಲ್ಲಿ ದಯವಿಟ್ಟು ಅವಸರಪಡಬೇಡಿ. ಮಗ ಸತ್ತ ದುಃಖಕ್ಕೆ ಡಾಯ್ಲ್ ಪ್ರೇತ, ಆತ್ಮ ಅಂತ ನಂಬತೊಡಗಿದರು ಅನ್ನುವ ವಿವರಣೆ ಎಲ್ಲೆಲ್ಲೂ ಸಿಗುತ್ತದೆ. ವರ್ಷ ಹಾಕಿ ನೋಡಿ: ತಮ್ಮ ನಂಬಿಕೆಯನ್ನು ಅವರು ಎಲ್ಲರೆದುರು ಹೇಳಿದ್ದು 1916ರಲ್ಲಿ, ಮಗ ಕಿಂಗ್ಸ್‌ಲಿ ತೀರಿಕೊಂಡದ್ದು 1918ರಲ್ಲಿ.

ಹಕ್ಕಿನ ಭಯ ಬೇಡ. ಡಾಯ್ಲ್ ತೀರಿಕೊಂಡದ್ದು 1930ರಲ್ಲಿ, ನಮ್ಮ ದೇಶದಲ್ಲಿ ಲೇಖಕರು ಹೋದ 60 ವರ್ಷದ ನಂತರ ಹಕ್ಕು ಮುಗಿಯುತ್ತದೆ. ಮೂಲ ಕಥೆಯಿಂದ ಎಷ್ಟು ಬೇಕಾದರೂ ಅನುವಾದ ಮಾಡಿ. ಈಚಿನವರ ಕನ್ನಡ ಅನುವಾದ, ಟಿವಿ ಸರಣಿಯ ಫೋಟೋ ಇವು ಮಾತ್ರ ಬೇರೆಯವರ ಸ್ವತ್ತು, ಕೇಳಿ ಬಳಸಿ.

ಬರೆದಾದ ಮೇಲೆ ಹೋಮ್ಸ್ ಓದಿಲ್ಲದ ಒಬ್ಬರನ್ನು ಕೂರಿಸಿಕೊಂಡು ಜೋರಾಗಿ ಓದಿ. ಅವರು ಎಲ್ಲಿ ಪ್ರಶ್ನೆ ಕೇಳುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ. ನಾನು ಓದಿದ್ದು ದೊಡ್ಡಪ್ಪನ ಮುಂದೆ, ಸಂಜೆ ಬಿಚ್ಚಾಣಿಕೆ ಕೆಲಸ ಮುಗಿದ ಮೇಲೆ. ಸುಮ್ಮನೆ ಕೇಳುತ್ತಿದ್ದವರು, ಕೋಣೆಯಲ್ಲಿ ಒಂದು ತಟ್ಟೆ ಹಾಲಿತ್ತು ಅಂದ ಕೂಡಲೇ ಕೈ ಎತ್ತಿ ನಿಲ್ಲಿಸಿದರು. "ತಡಿ. ಆ ಮನೇಲಿ ಬೆಕ್ಕಿತ್ತಾ?" ಅಂದರು. ಕಥೆಯಲ್ಲಿ ಹೋಮ್ಸ್ ಕೇಳುವುದೂ ಅದನ್ನೇ. ನಾನು ಜಾಗ ಉಳಿಸಲು ಆ ಸಾಲನ್ನು ಬಿಟ್ಟಿದ್ದೆ. ಅವತ್ತು ರಾತ್ರಿಯೇ ವಾಪಸ್ ಸೇರಿಸಿದೆ.