ನೆರೆದೇಶದ ಚಿತ್ರ ಗೆಳೆಯರ ಗುಂಪಿನಲ್ಲಿ ಮೂಡುವ ಬಗೆ: ಐದು ಪದಗಳ ವಿಧಾನದಲ್ಲಿ ನನ್ನ ಅನುಭವ

ಯುವಜನರು ನೆರೆದೇಶವನ್ನು ಹೇಗೆ ಕಾಣುತ್ತಾರೆಂದು ತಿಳಿಯಲು ಗೆಳೆಯರನ್ನು ಒಟ್ಟಿಗೆ ಕೂರಿಸಿ ಕೇಳಬೇಕು ಎಂದಾಗ ಸಹೋದ್ಯೋಗಿಗಳು ಒಪ್ಪಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಗುಲಿ ದತ್ತಾಂಶ ಕೆಡುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು. ನಾನು ಅಳೆಯಬೇಕೆಂದಿದ್ದುದು ಆ ತಗಲುವಿಕೆಯನ್ನೇ.

ಮೊದಲು ಎಲ್ಲರಂತೆ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗಿನ ಐದು ಹಂತಗಳ ಅಳತೆಯ ಪ್ರಶ್ನಾವಳಿಯನ್ನೇ ಹಂಚಿದ್ದೆ. ಮುದ್ರಣಕ್ಕೂ ಅಂಕಿಗಳನ್ನು ಗಣಕಕ್ಕೆ ಏರಿಸುವುದಕ್ಕೂ ಅನುದಾನದ ಅರ್ಧಕ್ಕಿಂತ ಹೆಚ್ಚು ಹಣ ಕರಗಿತು, ಬಂದ ಉತ್ತರಗಳಲ್ಲಿ ಬಹುಪಾಲು ನಡುವಿನ ಮನೆಯಲ್ಲೇ ಗುರುತು ಹಾಕಿದಂಥವು. ಆಮೇಲೆ ಅಮೆರಿಕದ ಮನೋವಿಜ್ಞಾನಿಗಳಾದ ಕಾಟ್ಜ್ ಮತ್ತು ಬ್ರೇಲಿ 1933ರಲ್ಲಿ ಪ್ರಿನ್ಸ್‌ಟನ್‌ನ 100 ವಿದ್ಯಾರ್ಥಿಗಳ ಮುಂದೆ 84 ಗುಣವಾಚಕಗಳನ್ನಿಟ್ಟು, ಬೇರೆ ಬೇರೆ ಜನಾಂಗಗಳಿಗೆ ಹೊಂದುವವನ್ನು ಆರಿಸಲು ಹೇಳಿದ ಮಾದರಿಯನ್ನು ಹಿಡಿದೆ. ಪಟ್ಟಿ ಕೊಟ್ಟರೆ ಪಟ್ಟಿಯೇ ಹಿಂತಿರುಗುತ್ತದೆ: ತಾವಾಗಿ ಎಂದೂ ಆಡದ ಪದಕ್ಕೂ ಹುಡುಗರು ಗುರುತು ಹಾಕುತ್ತಿದ್ದರು. ಉಳಿದ ಹಣವೂ ಅಲ್ಲಿಗೆ ಮುಗಿಯಿತು.

ಕೈಯಿಂದಲೇ ಖರ್ಚು ಮಾಡಬೇಕಾದಾಗ ಖಾಲಿ ಹಾಳೆಯೇ ಸಾಧನವಾಯಿತು. ದೇಶದ ಹೆಸರು ಹೇಳಿ, ಹೊಳೆದ ಐದು ಪದಗಳನ್ನು ಬರೆಸಿ, ಮಹತ್ವದ ಕ್ರಮ ಹಾಕಿಸಿದೆ. ಬಳಿಕ ಮೊದಲೇ ಪರಿಚಯವಿರುವ ನಾಲ್ಕೈದು ಜನರನ್ನು ಒಟ್ಟುಗೂಡಿಸಿ, ಇಪ್ಪತ್ತು ನಿಮಿಷದೊಳಗೆ ಎಲ್ಲರೂ ಒಪ್ಪುವ ಐದೇ ಪದಗಳ ಒಂದು ಪಟ್ಟಿ ಮಾಡಲು ಹೇಳಿ, ಮಾತನ್ನೆಲ್ಲ ಧ್ವನಿಮುದ್ರಿಸಿಕೊಂಡೆ. ಬಂಧುಗಳಿಂದ ಕೇಳಿದ ಕಥೆ, ಗಡಿಯಾಚೆಯ ಗೆಳತಿ, ಇಷ್ಟವಾದ ಹಾಡು ಇಂಥ ಸ್ವಂತ ಅನುಭವದ ಪದಗಳು ಮೊದಲ ಐದಾರು ನಿಮಿಷಗಳಲ್ಲೇ ಉದುರಿಹೋದವು. ಪುರಾವೆ ಕೇಳದೆ ಎಲ್ಲರೂ ತಲೆಯಾಡಿಸಬಲ್ಲ ಗಡಿ, ಸೈನ್ಯ, ನಾಯಕನೊಬ್ಬನ ಹೆಸರು ಉಳಿದುಕೊಂಡವು. ಇನ್ನೂ ಕುತೂಹಲದ ಸಂಗತಿಯೆಂದರೆ, ನೆನಪಿನಿಂದ ಹೇಳುವುದಾದರೆ ಮೂರರಲ್ಲಿ ಒಂದು ಗುಂಪಿನ ಪಟ್ಟಿಗೆ, ಆ ಗುಂಪಿನ ಯಾರೊಬ್ಬರೂ ಒಂಟಿಯಾಗಿ ಬರೆಯದಿದ್ದ ಪದವೊಂದು ಸೇರಿಕೊಂಡಿತ್ತು.

ಬರಿಯ ಬಹುಮತದಿಂದಲೂ ಇದೇ ಫಲ ಬರುತ್ತಿತ್ತಲ್ಲ ಎಂದು ಒಬ್ಬರು ಕೆಣಕಿದರು. ಅದಕ್ಕಾಗಿ ಒಂಟಿ ಹಾಳೆಗಳನ್ನು ಮನಬಂದಂತೆ ನಾಲ್ಕು ನಾಲ್ಕಾಗಿ ಜೋಡಿಸಿ, ಎಣಿಕೆಯಿಂದಲೇ ಕಾಗದದ ಗುಂಪುಗಳ ಪಟ್ಟಿಗಳನ್ನು ತಯಾರಿಸಿದೆ. ಒಂದು ಇನ್ನೊಂದನ್ನು ಕಂಡೇ ಇಲ್ಲದ ನಿಜವಾದ ಗುಂಪುಗಳ ಪಟ್ಟಿಗಳು, ಈ ಕಾಗದದ ಗುಂಪುಗಳಿಗಿಂತ ಎಷ್ಟೋ ಹೆಚ್ಚಾಗಿ ಪರಸ್ಪರ ಹೋಲುತ್ತಿದ್ದವು. ಒಂದು ಸಂಜೆಯ ಲೆಕ್ಕ, ಖರ್ಚು ಶೂನ್ಯ. ಆಮೇಲೆ ಆ ಆಕ್ಷೇಪ ಮತ್ತೆ ಕೇಳಿಬರಲಿಲ್ಲ.

ದುಬಾರಿಯಾದುದು ಧ್ವನಿಮುದ್ರಣದ ಬರಹರೂಪ. ಮಾತಿನ ಮೇಲೆ ಮಾತು ಬೀಳುವ ಒಂದು ಗಂಟೆಯ ಚರ್ಚೆಯನ್ನು ಬರೆದಿಳಿಸಲು ಆರೇಳು ಗಂಟೆ ಬೇಕು, ತಂತ್ರಾಂಶವು ದನಿಗಳನ್ನು ಕಲಸಿಬಿಡುತ್ತದೆ. ಪದವೊಂದು ಅಂಗೀಕಾರವಾಗುವ ಹಿಂದುಮುಂದಿನ ಎರಡು ನಿಮಿಷಗಳನ್ನಷ್ಟೇ ಬರೆಸತೊಡಗಿದ ಮೇಲೆ ವೆಚ್ಚ ಕಾಲುಭಾಗಕ್ಕೆ ಇಳಿಯಿತು, ಮತ್ತು ನೋಡಬೇಕಾದುದು ಅಲ್ಲೇ ಇತ್ತು. ಪದ ಗೆಲ್ಲುವುದು ವಾದದಿಂದಲ್ಲ, ನಗೆಚಾಟಿಕೆಯಿಂದ. ನಗು ಮುಗಿಯುವಷ್ಟರಲ್ಲಿ ‘ಅಲ್ಲಿ ಕೆಲವರು’ ಎಂಬುದು ‘ಅವರೆಲ್ಲ’ ಎಂದಾಗಿರುತ್ತದೆ. ಪಠ್ಯಪುಸ್ತಕವನ್ನು ಆಧಾರವಾಗಿ ಹೇಳಿದವರು ವಿರಳ, ‘ಎಲ್ಲೋ ವಿಡಿಯೊದಲ್ಲಿ ನೋಡಿದ್ದೆ’ ಎಂಬುದೇ ಹೆಚ್ಚು. ಗಡಿಯಾಚೆ ಗೆಳತಿಯಿದ್ದ ಹುಡುಗಿಗೆ ಸಿಕ್ಕ ಉತ್ತರ, ‘ಅವಳ ವಿಷಯ ಬೇರೆ, ಅವಳು ಉಳಿದವರಂತಲ್ಲ.’ ಸಂಪರ್ಕವು ಪೂರ್ವಗ್ರಹವನ್ನು ಕರಗಿಸಲು ಸಂಸ್ಥೆಗಳ ಬೆಂಬಲವೂ ಸಮಾನ ಸ್ಥಾನಮಾನವೂ ಬೇಕೆಂದು ಮನೋವಿಜ್ಞಾನಿ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು. ಅಂಥ ಬೆಂಬಲಕ್ಕೆ ನಿದರ್ಶನವೆಂಬಂತೆ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಜಂಟಿ ಯುವಜನ ಕಚೇರಿಯನ್ನು ತೆರೆದು ಲಕ್ಷಾಂತರ ಯುವಕರ ವಿನಿಮಯಕ್ಕೆ ಹಣ ಒದಗಿಸಿದವು. ಒಬ್ಬೊಬ್ಬರನ್ನು ಕಳುಹಿಸುವುದಕ್ಕಿಂತ ಇಡೀ ಗೆಳೆಯರ ಗುಂಪನ್ನೇ ಕಳುಹಿಸಿದರೆ ಫಲ ಹೆಚ್ಚೆಂಬುದು ನನ್ನ ಅಂದಾಜು.

ನಡುವೆ ನೆರೆದೇಶದ ನಕ್ಷೆಯನ್ನು ನೆನಪಿನಿಂದ ಬರೆಸಿ ನೋಡಿದೆ. ಚಿತ್ರಗಳು ಸೊಗಸಾಗಿದ್ದರೂ ಪದಗಳೊಂದಿಗೆ ಯಾವ ನಂಟೂ ಕಾಣಲಿಲ್ಲ. ‘ಅಲ್ಲಿನ ನಿಮ್ಮ ವಯಸ್ಸಿನವರು ನಿಮ್ಮ ಬಗ್ಗೆ ಯಾವ ಐದು ಪದ ಬರೆದಾರು?’ ಎಂಬ ಪ್ರಶ್ನೆ ಮಾತ್ರ ಫಲ ಕೊಟ್ಟಿತು. ತಮ್ಮ ಹೆಸರಿನಲ್ಲಿ ಬರೆಯಲು ಹಿಂಜರಿದ ಕಟುವಾದ ಪದಗಳೆಲ್ಲ ಅಲ್ಲಿ ಬಂದು ಕುಳಿತವು.

ಮೌನವಾಗಿ ಕುಳಿತ ಗುಂಪಿನ ಬಾಯಿ ಬಿಡಿಸಲು ನಾನು ಬಳಸುವ ಆರಂಭದ ಪ್ರಶ್ನೆಯನ್ನು ಇಲ್ಲಿ ಬರೆಯುತ್ತಿಲ್ಲ. ಮುಂದಿನ ಸುತ್ತಿನಲ್ಲೂ ಅದನ್ನೇ ಕೇಳುವವನಿದ್ದೇನೆ, ಭಾಗವಹಿಸುವವರು ಮೊದಲೇ ಓದಿಬಿಟ್ಟರೆ ಅದು ಕೆಲಸ ಮಾಡುವುದಿಲ್ಲ.